ಗಾಜಿನ ಬಾಗಿಲಿನ ಆಚೆ: ಸ್ಟ್ಯಾಂಡರ್ಡ್ ಟಿಕೆಟ್ ಇಟ್ಟುಕೊಂಡು ಫಸ್ಟ್ ಕ್ಲಾಸ್‌ನಲ್ಲಿ ಯಾವಾಗ ಕೂರಬಹುದು?

ನಮ್ಮ ಚಿಕ್ಕಮ್ಮನ ಮಗ ಲಂಡನ್‌ಗೆ ಕೆಲಸಕ್ಕೆ ಬಂದು ಮೂರು ದಿನ ಆಗಿತ್ತು. ಬೆಳಿಗ್ಗೆ ಎಂಟೂಕಾಲಿಗೆ ಅವನಿಂದ ಮೆಸೇಜ್.

‘ಅಕ್ಕಾ, ರೈಲು ಫುಲ್ ರಶ್. ಬೋಗಿಯ ತುದೀಲಿ ಒಂದು ಗಾಜಿನ ಬಾಗಿಲಿದೆ, 1 ಅಂತ ಬರೆದಿದೆ. ಒಳಗೆ ಸೀಟು ಖಾಲಿ. ಹೋಗಿ ಕೂತ್ಕೊಳ್ಲಾ?’

‘ಯಾವ ರೈಲು? ಅದು ರೈಲಿನ ಮುಂದಿನ ತುದೀನಾ, ಹಿಂದಿನದಾ?’

‘ಥೇಮ್ಸ್‌ಲಿಂಕ್. ಮುಂದೋ ಹಿಂದೋ ನಂಗೇನು ಗೊತ್ತು? ಅದಕ್ಕೂ ಇದಕ್ಕೂ ಏನಕ್ಕಾ ಸಂಬಂಧ?’

ಸಂಬಂಧ ಇದೆ. ಹಿಂದಿನ ತುದಿಯಾಗಿದ್ದರೆ ಅವನು ಆರಾಮಾಗಿ ಕಾಲು ಚಾಚಿ ಕೂರಬಹುದಿತ್ತು. ಮುಂದಿನ ತುದಿಯಾದರೆ ಅದೇ ಥರದ ಬಾಗಿಲು, ಅದೇ ಥರದ ಸೀಟು, ಆದರೆ ನೂರು ಪೌಂಡ್ ದಂಡ, ಮೇಲೆ ಟಿಕೆಟ್ ದುಡ್ಡು. ಇದನ್ನು ಫೋನಿನಲ್ಲಿ ವಿವರಿಸುವ ಹೊತ್ತು ಅದಲ್ಲ. ‘ರೈಲು ಆ ತುದಿ ಗೋಡೆಯ ಕಡೆಗೇ ಹೋಗ್ತಿದೆಯಾ, ಅದರಿಂದ ದೂರ ಹೋಗ್ತಿದೆಯಾ ನೋಡು’ ಅಂದೆ. ‘ಗೋಡೆ ಕಡೆಗೇ’ ಅಂದ. ‘ಹಾಗಾದ್ರೆ ಬಾಗಿಲ ಹೊರಗೇ ನಿಂತ್ಕೋ. ಸಂಜೆ ಹೇಳ್ತೀನಿ.’

ಸಂಜೆ ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಲಂಡನ್ ಸುತ್ತಮುತ್ತ ದಿನಾ ರೈಲಿನಲ್ಲಿ ಓಡಾಡುವ ನಮ್ಮವರು ಸಾಕಷ್ಟು ಜನ ಇದ್ದಾರೆ. ಹೊಸದಾಗಿ ಬಂದವರೆಲ್ಲ ಇದೇ ಪ್ರಶ್ನೆ ಕೇಳುತ್ತಾರೆ.

ಮೊದಲು ನಿಮ್ಮ ಹತ್ತಿರ ಇರುವುದು ಯಾವ ಟಿಕೆಟ್ ಅನ್ನುವುದು. ಗೇಟಿನಲ್ಲಿ ಬ್ಯಾಂಕ್ ಕಾರ್ಡನ್ನೋ, ಲಂಡನ್ನಿನ ಬಸ್ಸು ರೈಲುಗಳಿಗೆ ದುಡ್ಡು ತುಂಬಿಸಿಟ್ಟುಕೊಳ್ಳುವ ಆಯ್ಸ್ಟರ್ ಕಾರ್ಡನ್ನೋ ತಾಗಿಸಿ ಒಳಗೆ ಹೋದಿರಾ? ಹಾಗಾದರೆ ನೀವು ಸ್ಟ್ಯಾಂಡರ್ಡ್, ಅಂದರೆ ಸಾಮಾನ್ಯ ದರ್ಜೆಯ ಪ್ರಯಾಣಿಕರು. ಹಾಗೆ ಪ್ರತಿ ಪ್ರಯಾಣಕ್ಕೆ ದುಡ್ಡು ಕತ್ತರಿಸಿಕೊಳ್ಳುವ ವ್ಯವಸ್ಥೆಯಲ್ಲಿ ಫಸ್ಟ್ ಕ್ಲಾಸ್ ದರ ಅನ್ನುವುದೇ ಇಲ್ಲ. ಗ್ಯಾಟ್ವಿಕ್ ವಿಮಾನ ನಿಲ್ದಾಣದಲ್ಲಿ ಇಳಿದು, ಕಾರ್ಡ್ ತಾಗಿಸಿ, ದೊಡ್ಡ ಸೂಟ್‌ಕೇಸ್ ಎಳೆದುಕೊಂಡು ಖಾಲಿ ಜಾಗ ಕಂಡಲ್ಲಿ ಕೂರುವವರು ಸಿಕ್ಕಿಬೀಳುವುದು ಇಲ್ಲೇ. ‘ಕಾರ್ಡಿನಲ್ಲಿ ಹೇಗೂ ದುಡ್ಡು ಹೋಗುತ್ತಲ್ಲ, ಜಾಸ್ತಿ ಬೇಕಿದ್ರೆ ಜಾಸ್ತಿ ಕತ್ತರಿಸ್ಕೊಳ್ಳಲಿ’ ಅಂತ ಅವರ ಲೆಕ್ಕ. ಗೇಟಿಗೆ ನೀವು ಎಲ್ಲಿ ಹತ್ತಿದಿರಿ, ಎಲ್ಲಿ ಇಳಿದಿರಿ ಅಷ್ಟೇ ಗೊತ್ತು. ಎಲ್ಲಿ ಕೂತಿದ್ದಿರಿ ಅನ್ನುವುದು ಅದಕ್ಕೆ ಹೇಗೆ ಗೊತ್ತಾಗಬೇಕು?

ಎರಡನೆಯದು ತುಂಬ ಜನ ನಂಬಿರುವ ಒಂದು ಮಾತು. ಸ್ಟ್ಯಾಂಡರ್ಡ್‌ನಲ್ಲಿ ಸೀಟಿಲ್ಲದಿದ್ದರೆ ಫಸ್ಟ್ ಕ್ಲಾಸ್‌ನಲ್ಲಿ ಕೂರುವ ಹಕ್ಕು ತಾನಾಗೇ ಬರುತ್ತೆ ಅಂತ. ಬರುವುದಿಲ್ಲ. ಬ್ರಿಟನ್ನಿನ ರೈಲು ನಿಯಮದ ಪ್ರಕಾರ ಟಿಕೆಟ್ ಅಂದರೆ ಪ್ರಯಾಣ ಮಾಡುವ ಹಕ್ಕು, ಕೂರುವ ಹಕ್ಕಲ್ಲ. ಸೀಟು ರಿಸರ್ವ್ ಮಾಡಿಸಿದ್ದರೆ ಆ ಮಾತು ಬೇರೆ, ಆದರೆ ದಿನನಿತ್ಯದ ಈ ರೈಲುಗಳಲ್ಲಿ ಸಾಮಾನ್ಯವಾಗಿ ರಿಸರ್ವೇಷನ್ ಇರುವುದಿಲ್ಲ. ಒಂದೂವರೆ ಗಂಟೆ ಒಂಟಿ ಕಾಲಲ್ಲಿ ನಿಂತು, ಪಕ್ಕದವರ ಬ್ಯಾಗು ಪಕ್ಕೆಗೆ ತಿವಿಯುತ್ತಿದ್ದರೂ ಅಷ್ಟೆ. ಗಾಜಿನಾಚೆ ಎಂಟು ಸೀಟು ಖಾಲಿ ಇದ್ದರೆ ಅವು ಖಾಲಿಯಾಗೇ ಹೋಗುತ್ತವೆ. ಇದು ನ್ಯಾಯಾನಾ ಅಂತ ಕೇಳಿದರೆ ನನಗಂತೂ ಅಲ್ಲ ಅನ್ನಿಸುತ್ತೆ. ಆದರೆ ನಿಯಮ ಇರುವುದು ಹಾಗೆ.

ಆ ನಿಯಮದ ಬೇರು 2005ರಲ್ಲಿ ಬಂದ ರೈಲ್ವೆ ಬೈಲಾಗಳಲ್ಲಿದೆ. ಅದರ 19ನೇ ಬೈಲಾ ಹೇಳುವುದು ಇಷ್ಟು: ಒಂದು ಸೀಟೋ ರೈಲಿನ ಒಂದು ಭಾಗವೋ ಇಂಥ ಕ್ಲಾಸಿನ ಟಿಕೆಟ್ ಇರುವವರಿಗೆ ಮೀಸಲು ಅಂತ ಫಲಕ ಹಾಕಿದ್ದರೆ, ಆ ಟಿಕೆಟ್ ಇಲ್ಲದವರು ಅಲ್ಲಿ ಇರಬಾರದು, ಅಧಿಕಾರ ಇರುವ ಸಿಬ್ಬಂದಿ ಅನುಮತಿ ಕೊಟ್ಟಿದ್ದರೆ ಇರಬಹುದು. ಮುರಿದರೆ ಕೋರ್ಟಿನಲ್ಲಿ 1000 ಪೌಂಡ್‌ವರೆಗೂ ದಂಡ ಬೀಳಬಹುದು.

ಇಲ್ಲಿ ಎರಡು ಪದ ಗಮನಿಸಿ. ಒಂದು ‘ಭಾಗ’. ಬರೀ ಸೀಟಲ್ಲ, ಜಾಗವೂ ಸೇರಿತು. ‘ನಾನು ಕೂತಿಲ್ವಲ್ಲ, ಸುಮ್ನೆ ನಿಂತಿದ್ದೆ’ ಅನ್ನುವ ವಾದ ಗಾಜಿನ ಬಾಗಿಲಿನ ಒಳಗೆ ನಡೆಯುವುದಿಲ್ಲ. ಬಾಗಿಲಿನ ಹೊರಗೆ, ಹತ್ತಿ ಇಳಿಯುವ ಜಾಗದಲ್ಲಿ, ಫಲಕ ಇಲ್ಲದಿದ್ದರೆ ನಿಲ್ಲಬಹುದು. ಇನ್ನೊಂದು ‘ಅನುಮತಿ’. ಇಡೀ ವಿಷಯ ನಿಂತಿರುವುದು ಇದರ ಮೇಲೆ. ಸೀಟು ಖಾಲಿ ಇದೆಯಾ, ರಶ್ ಇದೆಯಾ, ನಿಮಗೆ ಸುಸ್ತಾಗಿದೆಯಾ ಅನ್ನುವುದಲ್ಲ. ಅನುಮತಿ ಇದೆಯಾ, ಯಾರು ಕೊಟ್ಟರು, ಎಲ್ಲಿಯವರೆಗೆ ಕೊಟ್ಟರು. ಒಳಗೆ ಕೂತ ಸಹೃದಯರೊಬ್ಬರು ‘ಬನ್ನಿ, ಪರವಾಗಿಲ್ಲ, ಕೂತ್ಕೊಳ್ಳಿ’ ಅಂದರೆ ಅದು ಅವರ ಒಳ್ಳೆಯತನ, ಅನುಮತಿ ಅಲ್ಲ.

ಈ ಅನುಮತಿ ಎರಡು ಥರ ಬರುತ್ತದೆ. ಒಂದು ಕಾಯಂ, ಇನ್ನೊಂದು ಆ ಹೊತ್ತಿನದು.

ಕಾಯಂ ಅನುಮತಿಗೆ ಒಳ್ಳೆಯ ಉದಾಹರಣೆ ನಮ್ಮ ತಮ್ಮ ಹತ್ತಿದ ಥೇಮ್ಸ್‌ಲಿಂಕ್. ಉತ್ತರದ ಬೆಡ್‌ಫರ್ಡ್, ಕೇಂಬ್ರಿಜ್ ಕಡೆಯಿಂದ ಲಂಡನ್ನಿನ ಹೊಟ್ಟೆಯೊಳಗೆ ತೂರಿಕೊಂಡು ದಕ್ಷಿಣದ ಬ್ರೈಟನ್ ಕಡೆಗೆ ಹೋಗುವ ಸಾಲು ಅದು. ಅಲ್ಲಿ ಓಡುವುದು ಸೀಮೆನ್ಸ್ ಮಾಡಿದ ಕ್ಲಾಸ್ 700 ರೈಲುಗಳು. 2016ರಲ್ಲಿ ಬಂದವು. ಕೆಲವು ಎಂಟು ಬೋಗಿಯವು, ಕೆಲವು ಹನ್ನೆರಡರವು. ಎರಡೂ ತುದಿಯಲ್ಲಿ ಡ್ರೈವರ್ ಕ್ಯಾಬಿನ್, ಕ್ಯಾಬಿನ್ನಿನ ಬೆನ್ನಿಗೇ ಒಂದು ಪುಟ್ಟ ಫಸ್ಟ್ ಕ್ಲಾಸ್ ಭಾಗ. ಅಂದರೆ ಒಂದು ರೈಲಿಗೆ ಎರಡು ಫಸ್ಟ್ ಕ್ಲಾಸ್. ಅಷ್ಟೊಂದು ಫಸ್ಟ್ ಕ್ಲಾಸ್ ಗಿರಾಕಿಗಳು ಎಲ್ಲಿದ್ದಾರೆ? ಹಾಗಾಗಿ ಕಂಪನಿ ಹಿಂದಿನ ಭಾಗವನ್ನು ಎಲ್ಲರಿಗೂ ಬಿಟ್ಟುಕೊಟ್ಟಿದೆ. ಮುಂದಿನ ಭಾಗ ಮಾತ್ರ ನಿಜವಾದ ಫಸ್ಟ್ ಕ್ಲಾಸ್.

ಈಗ ತಮಾಷೆ ನೋಡಿ. ರೈಲು ಬ್ರೈಟನ್ ಮುಟ್ಟುತ್ತದೆ. ಅದು ಕೊನೆಯ ನಿಲ್ದಾಣ. ಡ್ರೈವರ್ ಇಳಿದು, ಪ್ಲಾಟ್‌ಫಾರ್ಮ್ ಉದ್ದಕ್ಕೂ ನಡೆದು, ಆ ಕಡೆಯ ಕ್ಯಾಬಿನ್ ಹತ್ತುತ್ತಾರೆ. ರೈಲು ವಾಪಸ್ ಹೊರಡುತ್ತದೆ. ಬರುವಾಗ ಬಾಲವಾಗಿದ್ದದ್ದು ಈಗ ತಲೆ. ಅಷ್ಟು ಹೊತ್ತು ಯಾರು ಬೇಕಾದರೂ ಕೂರಬಹುದಾಗಿದ್ದ ಸೀಟು ಈಗ ಫಸ್ಟ್ ಕ್ಲಾಸ್. ಸೀಟಿನ ಬಟ್ಟೆ ಬದಲಾಗಿಲ್ಲ, ಗಾಜಿನ ಮೇಲಿನ ಅಂಕಿ ಬದಲಾಗಿಲ್ಲ. ದಿಕ್ಕು ಬದಲಾಯಿತು, ಅಷ್ಟೆ. ನನ್ನ ಸಹೋದ್ಯೋಗಿಯೊಬ್ಬರು ಒಂದು ಭಾನುವಾರ ಸಮುದ್ರ ನೋಡಲು ಹೋಗುವಾಗ ಬಾಲದಲ್ಲಿ ಕೂತು ಹೋದರು. ಸಂಜೆ ಬರುವಾಗ ‘ಬೆಳಿಗ್ಗೆ ಇಲ್ಲೇ ತಾನೇ ಕೂತಿದ್ದು’ ಅಂತ ನಿಲ್ದಾಣದ ಅದೇ ತುದಿಯಲ್ಲಿ ಹತ್ತಿ ಕೂತರು. ಚೆಕ್ಕಿಂಗ್‌ಗೆ ಯಾರೂ ಬರಲಿಲ್ಲ. ಬಚಾವಾದರು.

ಹಿಂದು ಮುಂದು ತಿಳಿಯುವುದಕ್ಕೆ ನಾನು ತಮ್ಮನಿಗೆ ಹೇಳಿದ ಉಪಾಯವೇ ಸಾಕು. ರೈಲು ಕ್ಯಾಬಿನ್ ಗೋಡೆಯ ಕಡೆಗೆ ಸಾಗುತ್ತಿದ್ದರೆ ನೀವು ಮುಂದೆ. ಪ್ಲಾಟ್‌ಫಾರ್ಮಿನಲ್ಲಿ ನಿಂತಾಗ ರೈಲು ಬರುವುದನ್ನು ನೋಡಿದ್ದರೆ ಇನ್ನೂ ಸುಲಭ. ನಿಮ್ಮನ್ನು ಮೊದಲು ದಾಟಿ ಹೋದದ್ದು ತಲೆ, ಕೊನೆಗೆ ಬಂದದ್ದು ಬಾಲ. ಸೀಟಿನ ಸುಖ ಹೇಳಬೇಕೆಂದರೆ, ಈ ರೈಲಿನ ಸ್ಟ್ಯಾಂಡರ್ಡ್ ಸೀಟುಗಳಿಗೆ ಇಲ್ಲಿಯ ಜನ ಇಟ್ಟಿರುವ ಹೆಸರು ‘ಇಸ್ತ್ರಿ ಹಲಗೆ’. ಬಾಲದ ಕಡೆಗೆ ನಡೆಯುವ ಶ್ರಮ ಸಾರ್ಥಕ.

ಕೆಲವು ಕಂಪನಿಗಳು ಗೊಡವೆಯೇ ಬೇಡ ಅಂತ ಫಸ್ಟ್ ಕ್ಲಾಸ್ ತೆಗೆದುಹಾಕಿವೆ. ಲಂಡನ್ನಿನಿಂದ ಕೆಂಟ್ ಕಡೆಗೆ ಹೋಗುವ ಸೌತ್‌ಈಸ್ಟರ್ನ್ 2022ರ ಡಿಸೆಂಬರ್‌ನಲ್ಲಿ ತೆಗೆದುಹಾಕಿತು. ಎಸೆಕ್ಸ್ ಕಡೆಯ ಸಿ2ಸಿ, ಲಂಡನ್ ಓವರ್‌ಗ್ರೌಂಡ್, ಎಲಿಜಬೆತ್ ಲೈನ್ ಇವುಗಳಲ್ಲೂ ಫಸ್ಟ್ ಕ್ಲಾಸ್ ಇಲ್ಲ. ಇಂಥ ಕಡೆ ಹಳೆಯ ಬೋಗಿಯಲ್ಲಿ ಅಗಲ ಸೀಟು ಕಂಡರೆ ಧೈರ್ಯವಾಗಿ ಕೂರಿ.

ಅಂದರೆ ಫಸ್ಟ್ ಕ್ಲಾಸ್ ಅನ್ನುವುದು ಸೀಟಿನ ಗುಣ ಅಲ್ಲ. ಆ ಕಂಪನಿ, ಆ ಮಾರ್ಗ, ಆ ಹೊತ್ತಿಗೆ ಆ ಸೀಟಿಗೆ ಕೊಟ್ಟ ಸ್ಥಾನ. ಇದು ನಮಗೆ ತೀರಾ ಹೊಸದೂ ಅಲ್ಲ. ಮಂಗಳೂರಿನಿಂದ ಕೇರಳದ ಕಡೆ ಹೋಗುವ ಕೆಲವು ರೈಲುಗಳಲ್ಲಿ ಸ್ಲೀಪರ್ ಬೋಗಿಯನ್ನು ದಾರಿಯ ಒಂದು ಭಾಗದಲ್ಲಿ ‘ಡಿ-ರಿಸರ್ವ್ಡ್’ ಮಾಡುತ್ತಾರೆ. ಅಷ್ಟು ದೂರ ರಿಸರ್ವೇಷನ್ ಇಲ್ಲದವರೂ ಹತ್ತಬಹುದು. ಬೋಗಿ ಅದೇ, ಬರ್ತ್ ಅದೇ, ಒಂದು ನಿಲ್ದಾಣ ದಾಟಿದ ಮೇಲೆ ನಿಯಮ ಬೇರೆ. ದಿನಾ ಓಡಾಡುವವರಿಗೆ ಯಾವ ನಿಲ್ದಾಣ ಅಂತ ಬಾಯಿಪಾಠ. ಮುಂಬೈ ಲೋಕಲ್ ಮಾತ್ರ ಇದಕ್ಕೆ ತದ್ವಿರುದ್ಧ. ಅಲ್ಲಿ ಸೆಕೆಂಡ್ ಕ್ಲಾಸ್ ಡಬ್ಬಿಯಲ್ಲಿ ಜನ ಬಾಗಿಲಿಗೆ ಜೋತುಬಿದ್ದಿದ್ದರೂ ಫಸ್ಟ್ ಕ್ಲಾಸ್ ಡಬ್ಬಿ ಫಸ್ಟ್ ಕ್ಲಾಸೇ. ತಪ್ಪಿ ಹತ್ತಿದವರಿಗೆ 1989ರ ರೈಲ್ವೆ ಕಾಯ್ದೆಯ 138ನೇ ಸೆಕ್ಷನ್ ಕಾದಿರುತ್ತದೆ. ಕಡಿಮೆ ಅಂದರೂ 250 ರೂಪಾಯಿ ದಂಡ, ಜೊತೆಗೆ ದರದ ವ್ಯತ್ಯಾಸ.

ಇಂಗ್ಲೆಂಡಿನಲ್ಲೂ ಈ ಕ್ಲಾಸುಗಳ ಗೆರೆ ಕಲ್ಲಿನ ಮೇಲೆ ಕೊರೆದದ್ದೇನಲ್ಲ. ಒಂದು ಕಾಲಕ್ಕೆ ಮೂರು ಕ್ಲಾಸ್ ಇತ್ತು. 1875ರಲ್ಲಿ ಮಿಡ್‌ಲ್ಯಾಂಡ್ ರೈಲ್ವೆ ಎರಡನೆಯದನ್ನು ಕೈಬಿಟ್ಟಿತು, ಉಳಿದ ಕಂಪನಿಗಳೂ ನಿಧಾನವಾಗಿ ಆ ದಾರಿ ಹಿಡಿದವು. ಹೀಗಾಗಿ ಒಂದು ಮತ್ತು ಮೂರು ಇವೆ, ನಡುವೆ ಎರಡಿಲ್ಲ ಅನ್ನುವ ವಿಚಿತ್ರ ಎಷ್ಟೋ ಕಾಲ ನಡೆಯಿತು. 1956ರಲ್ಲಿ ಥರ್ಡ್ ಕ್ಲಾಸಿಗೆ ಸೆಕೆಂಡ್ ಅಂತ ಹೆಸರಿಟ್ಟರು. 1987ರಲ್ಲಿ ಅದೇ ಸೆಕೆಂಡ್ ‘ಸ್ಟ್ಯಾಂಡರ್ಡ್’ ಆಯಿತು. ಯುದ್ಧದ ಸಮಯ, 1941ರ ಅಕ್ಟೋಬರ್‌ನಲ್ಲಿ, ಲಂಡನ್ನಿನ ಒಳಗೇ ಓಡಾಡುವ ರೈಲುಗಳಲ್ಲಿ ಫಸ್ಟ್ ಕ್ಲಾಸನ್ನೇ ರದ್ದು ಮಾಡಿದರು. ಜಾಗ ಸಾಲದಾದಾಗ ಗೆರೆ ಅಳಿಸಬಹುದು ಅಂತ ಅವರಿಗೆ ಆಗಲೇ ಗೊತ್ತಿತ್ತು.

ಇನ್ನು ಆ ಹೊತ್ತಿನ ಅನುಮತಿ. ಇದಕ್ಕೆ ಇಲ್ಲಿ ಎಲ್ಲರೂ ಬಳಸುವ ಪದ ‘ಡಿಕ್ಲಾಸಿಫೈ’. ಹಿಂದಿನ ಎರಡು ರೈಲು ರದ್ದಾಗಿವೆ, ಅಥವಾ ಹನ್ನೆರಡು ಬೋಗಿಯ ರೈಲು ಬರಬೇಕಾದಲ್ಲಿ ಎಂಟರದ್ದು ಬಂದಿದೆ, ಜನ ಒಳಗೆ ಹಿಡಿಸುತ್ತಿಲ್ಲ. ಆಗ ಗಾರ್ಡ್ ಮೈಕಿನಲ್ಲಿ ‘ಈ ರೈಲಿನಲ್ಲಿ ಫಸ್ಟ್ ಕ್ಲಾಸ್ ಡಿಕ್ಲಾಸಿಫೈ ಆಗಿದೆ’ ಅಂತ ಹೇಳುತ್ತಾರೆ. ಹೇಳಿದ ಮೇಲೆ ಯಾವ ಟಿಕೆಟ್ ಇದ್ದರೂ ಎಲ್ಲಿ ಬೇಕಾದರೂ ಕೂರಬಹುದು. ಹೇಳುವವರೆಗೆ ಇಲ್ಲ. ಅವರು ಹೇಳಲೇಬೇಕು ಅಂತಲೂ ಇಲ್ಲ. ಅದು ಅವರ ವಿವೇಚನೆಗೆ ಬಿಟ್ಟದ್ದು.

ಎಷ್ಟೋ ಸಲ ಯಾಕೆ ಹೇಳುವುದಿಲ್ಲ? ಒಂದು ಕಾರಣ ದುಡ್ಡು. ಜಾಸ್ತಿ ಕೊಟ್ಟು ಫಸ್ಟ್ ಕ್ಲಾಸ್ ಟಿಕೆಟ್ ತಗೊಂಡವರಿಗೆ ಅಲ್ಲಿ ಜಾಗ ಸಿಗದೆ ಸ್ಟ್ಯಾಂಡರ್ಡ್‌ನಲ್ಲಿ ಹೋಗಬೇಕಾಗಿ ಬಂದರೆ, ಅವರು ದರದ ವ್ಯತ್ಯಾಸ ವಾಪಸ್ ಕೇಳಬಹುದು. ಇನ್ನೊಂದು ಕಾರಣ ಇನ್ನೂ ಸರಳ. ಹೇಳುವುದಕ್ಕೆ ರೈಲಿನಲ್ಲಿ ಯಾರೂ ಇರುವುದೇ ಇಲ್ಲ. ಥೇಮ್ಸ್‌ಲಿಂಕ್‌ನಂಥ ರೈಲುಗಳಲ್ಲಿ ಗಾರ್ಡ್ ಇಲ್ಲ, ಡ್ರೈವರ್ ಒಬ್ಬರೇ. ಹನ್ನೊಂದನೇ ಬೋಗಿಯಲ್ಲಿ ಜನ ಹೇಗೆ ಒತ್ತಿಕೊಂಡಿದ್ದಾರೆ ಅನ್ನುವುದನ್ನು ಎದ್ದು ಹೋಗಿ ನೋಡುವುದು ಅವರ ಕೈಲಿ ಸಾಧ್ಯವಿಲ್ಲ. ಗಾರ್ಡ್ ಇದ್ದರೆ ಬಾಗಿಲು ಹಾಕುವಾಗ ಪ್ಲಾಟ್‌ಫಾರ್ಮಿನಲ್ಲೇ ಕೇಳಬಹುದು. ‘ಫಸ್ಟ್ ಕ್ಲಾಸ್‌ನಲ್ಲಿ ಕೂರಬಹುದಾ?’ ಅಂತ ನೇರವಾಗಿ ಕೇಳಿದರೆ ಯಾರೂ ಬೈಯುವುದಿಲ್ಲ. ಬಹಳ ಸಲ ಹೌದು ಅಂದಿದ್ದಾರೆ, ಕೆಲವು ಸಲ ನಯವಾಗಿ ಇಲ್ಲ ಅಂದಿದ್ದಾರೆ.

ಅನುಮತಿಗೆ ಗಡಿ ಇದೆ ಅನ್ನುವುದು ನನಗೆ ಗೊತ್ತಾದದ್ದು ಒಂದು ನವೆಂಬರ್ ಸಂಜೆ. ಯಾವ ಕಂಪನಿ, ಯಾವ ಸಾಲು ಅನ್ನುವುದು ಬೇಡ. ಸಿಗ್ನಲ್ ಕೆಟ್ಟು ಮುಕ್ಕಾಲು ಗಂಟೆ ಕಾದ ಮೇಲೆ ರೈಲು ಬಂತು. ಗಾರ್ಡ್ ಮೈಕಿನಲ್ಲಿ ಎಲ್ಲರೂ ಎಲ್ಲಿ ಬೇಕಾದರೂ ಕೂರಿ ಅಂದರು. ನಾನು ಕಿಟಕಿ ಪಕ್ಕ ಕೂತು, ಕೋಟ್ ಬಿಚ್ಚಿ, ಬೆಚ್ಚಗೆ ನಿದ್ದೆ ಹೋದೆ. ನಾಲ್ಕನೇ ನಿಲ್ದಾಣದ ಹೊತ್ತಿಗೆ ಅರ್ಧ ರೈಲು ಖಾಲಿ. ಅಲ್ಲಿ ಹತ್ತಿದ ಟಿಕೆಟ್ ಪರೀಕ್ಷಕರು ನನ್ನನ್ನು ಎಬ್ಬಿಸಿದರು. ಅವರಿಗೆ ಆ ಘೋಷಣೆ ಗೊತ್ತಿಲ್ಲ. ನನಗೆ ಗಾರ್ಡ್ ಹೆಸರು ಗೊತ್ತಿಲ್ಲ. ಸುತ್ತ ಸಾಕ್ಷಿ ಹೇಳುವುದಕ್ಕೆ ಆಗ ಹತ್ತಿದವರು ಒಬ್ಬರೂ ಉಳಿದಿಲ್ಲ. ಪಕ್ಕದ ಬೋಗಿ ಪೂರ್ತಿ ಖಾಲಿ, ನಾನೊಬ್ಬಳು ಮಹಾರಾಣಿಯ ಹಾಗೆ ಇಲ್ಲಿ ಕೂತಿದ್ದೇನೆ! ಅವರ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ. ಕೊನೆಗೆ ಅವರೇ ಗಾರ್ಡ್ ಹತ್ತಿರ ಹೋಗಿ ಕೇಳಿಕೊಂಡು ಬಂದರು. ‘ಸರಿ, ಆದರೆ ಈಗ ಆ ಕಡೆ ಜಾಗ ಇದೆ’ ಅಂದರು. ಎದ್ದು ಹೋದೆ, ಕಿವಿ ಕೆಂಪಾಗಿತ್ತು.

ಆಮೇಲಿಂದ ನನ್ನದೊಂದು ಪದ್ಧತಿ. ಘೋಷಣೆ ಕೇಳಿದ ಕೂಡಲೆ ಸಮಯ ಮತ್ತು ನಿಲ್ದಾಣದ ಹೆಸರು ಫೋನಿನಲ್ಲಿ ಬರೆದುಕೊಳ್ಳುತ್ತೇನೆ. ರೈಲು ಬದಲಾಯಿಸಿದರೆ ಆ ಅನುಮತಿ ಅಲ್ಲಿಗೆ ಮುಗಿಯಿತು. ಮುಂದಿನ ರೈಲಿಗೆ ಅದು ಅನ್ವಯಿಸುವುದಿಲ್ಲ.

ಇಡೀ ರೈಲಿಗಲ್ಲದೆ ವ್ಯಕ್ತಿಗೆ ಮಾತ್ರ ಸಿಗುವ ಅನುಮತಿಯೂ ಇದೆ. ಗಾಲಿಕುರ್ಚಿಯ ಜಾಗ ಫಸ್ಟ್ ಕ್ಲಾಸ್‌ನಲ್ಲಿ ಮಾತ್ರ ಇರುವ ರೈಲಿನಲ್ಲಿ, ಗಾಲಿಕುರ್ಚಿ ಬಳಸುವವರು ಸ್ಟ್ಯಾಂಡರ್ಡ್ ಟಿಕೆಟ್‌ನಲ್ಲೇ ಅಲ್ಲಿ ಇರಬಹುದು. ಗರ್ಭಿಣಿಯರಿಗೆ ಕೆಲವು ಕಂಪನಿಗಳು ಪಾಸ್ ಕೊಡುತ್ತವೆ, ಮುಖ್ಯವಾಗಿ ಸೀಸನ್ ಟಿಕೆಟ್ ಇರುವವರಿಗೆ. ಸ್ಟ್ಯಾಂಡರ್ಡ್‌ನಲ್ಲಿ ಸೀಟು ಸಿಗದಿದ್ದರೆ ಅವರು ಫಸ್ಟ್ ಕ್ಲಾಸ್‌ನಲ್ಲಿ ಕೂರಬಹುದು. ಡಾಕ್ಟರೋ ಸೂಲಗಿತ್ತಿಯೋ ಕೊಡುವ ದಾಖಲೆ ತೋರಿಸಿ ಮೊದಲೇ ಪಾಸ್ ಮಾಡಿಸಿಕೊಳ್ಳಬೇಕು. ಕೋಟಿಗೆ ಸಿಕ್ಕಿಸಿಕೊಳ್ಳುವ ‘ಬೇಬಿ ಆನ್ ಬೋರ್ಡ್’ ಬ್ಯಾಡ್ಜ್ ಒಂದೇ ಸಾಲುವುದಿಲ್ಲ. ಅದನ್ನು ನೋಡಿ ಯಾರಾದರೂ ಎದ್ದು ಸೀಟು ಬಿಟ್ಟಾರು, ಅಷ್ಟೆ.

ಸಿಕ್ಕಿಬಿದ್ದರೆ ಏನು? ‘ಕೇಳಿದ್ರೆ ಹೆಚ್ಚುವರಿ ದುಡ್ಡು ಕೊಟ್ಟರಾಯ್ತು’ ಅನ್ನುವವರಿಗೆ ಹಳೆಯ ಒಂದು ಸುದ್ದಿ ನೆನಪಿರಬಹುದು. 2012ರ ಅಕ್ಟೋಬರ್‌ನಲ್ಲಿ ಆಗಿನ ಹಣಕಾಸು ಮಂತ್ರಿ ಜಾರ್ಜ್ ಆಸ್ಬರ್ನ್ ಸ್ಟ್ಯಾಂಡರ್ಡ್ ಟಿಕೆಟ್ ಇಟ್ಟುಕೊಂಡು ವಿಲ್ಮ್‌ಸ್ಲೊದಿಂದ ಲಂಡನ್ ರೈಲಿನ ಫಸ್ಟ್ ಕ್ಲಾಸ್‌ನಲ್ಲಿ ಕೂತರು. ಅದೇ ರೈಲಿನಲ್ಲಿದ್ದ ಟಿವಿ ವರದಿಗಾರ್ತಿಯೊಬ್ಬರು ಅದನ್ನು ಟ್ವೀಟ್ ಮಾಡಿದರು. ಮಂತ್ರಿಗಳು ರೈಲಿನಲ್ಲೇ 160 ಪೌಂಡ್ ಕೊಟ್ಟು ಅಪ್‌ಗ್ರೇಡ್ ಮಾಡಿಸಿಕೊಂಡರು ಅಂತ ವರದಿಯಾಯಿತು. ಆದರೆ ಅದು ದೂರದೂರಿನ ರೈಲು. ಲಂಡನ್ ಸುತ್ತಲಿನ ದಿನನಿತ್ಯದ ಸಾಲುಗಳಲ್ಲಿ ಬಹುತೇಕ ಕಡೆ ಪೆನಾಲ್ಟಿ ಫೇರ್, ಅಂದರೆ ಸರಿಯಾದ ಟಿಕೆಟ್ ಇಲ್ಲದವರಿಗೆ ಹಾಕುವ ದಂಡ, ಜಾರಿಯಲ್ಲಿದೆ. ಅಲ್ಲಿ ವ್ಯತ್ಯಾಸದ ದುಡ್ಡು ಕೊಡುತ್ತೇನೆ ಅಂದರೆ ಕೇಳುವವರಿಲ್ಲ. 2023ರ ಜನವರಿ 23ರಿಂದ ಇಂಗ್ಲೆಂಡಿನಲ್ಲಿ ಆ ದಂಡ 100 ಪೌಂಡ್, ಅದರ ಮೇಲೆ ಸಿಂಗಲ್ ಟಿಕೆಟ್ ದರ. 21 ದಿನದೊಳಗೆ ಕಟ್ಟಿದರೆ 100 ಇದ್ದದ್ದು 50 ಆಗುತ್ತದೆ. ಅದಕ್ಕೂ ಮೊದಲು 20 ಪೌಂಡ್ ಅಥವಾ ಟಿಕೆಟ್ ದರದ ಎರಡರಷ್ಟು, ಯಾವುದು ಜಾಸ್ತಿಯೋ ಅದು ಇತ್ತು. ಆಗಿನ ದಂಡಕ್ಕೆ ಹೆದರದೆ ಕೂರುತ್ತಿದ್ದವರೂ ಈಗ ಗಾಜಿನ ಬಾಗಿಲ ಮುಂದೆ ಒಂದು ಕ್ಷಣ ಯೋಚಿಸುತ್ತಾರೆ.

ಅನುಮತಿ ಇದ್ದೂ ದಂಡ ಹಾಕಿದರೆ ಅಲ್ಲೇ ಜಗಳ ಆಡಬೇಡಿ. ಹೆಸರು, ವಿಳಾಸ ಸರಿಯಾಗಿ ಕೊಡಿ. ಸುಳ್ಳು ಕೊಟ್ಟರೆ ವಿಷಯ ದಂಡ ದಾಟಿ ಕೋರ್ಟಿಗೆ ಹೋಗುತ್ತದೆ. ಕೊಟ್ಟ ಚೀಟಿ ಇಟ್ಟುಕೊಳ್ಳಿ. ಮೇಲ್ಮನವಿಗೂ 21 ದಿನ ಸಮಯ ಇದೆ, ಅದನ್ನು ನೋಡುವುದು ರೈಲು ಕಂಪನಿಯಲ್ಲ, ಬೇರೆ ಸ್ವತಂತ್ರ ಸಂಸ್ಥೆ. ಫೋನಿನಲ್ಲಿ ಬರೆದಿಟ್ಟ ಸಮಯ, ನಿಲ್ದಾಣ, ಕೂತ ಜಾಗದ ಫೋಟೊ ಆಗ ಉಪಯೋಗಕ್ಕೆ ಬರುತ್ತವೆ. ಅಲ್ಲಿ ತಿರಸ್ಕಾರವಾದರೆ ಎರಡನೇ ಹಂತ, ಅದಾದ ಮೇಲೆ ಮೂರನೆಯದೂ ಇದೆ.

ಇಷ್ಟೆಲ್ಲ ಕೇಳಿಸಿಕೊಂಡ ಮೇಲೆ ತಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ‘ಅಂದ್ರೆ ನಾಳೆಯಿಂದ ನಾನು ಪ್ಲಾಟ್‌ಫಾರ್ಮಿನ ಆ ತುದೀಲಿ ನಿಲ್ಲಬೇಕು, ಅಲ್ವಾ ಅಕ್ಕ?’ ಅಂದ. ಮಾರನೇ ದಿನ ಬೆಳಿಗ್ಗೆ ಅವನಿಂದ ಬಂದದ್ದು ಬರೀ ಒಂದು ಫೋಟೊ. ಚಾಚಿದ ಎರಡು ಕಾಲು, ಪಕ್ಕದಲ್ಲಿ ಕಾಫಿ ಲೋಟ, ಮೇಲೆ ಗಾಜಿನ ಮೇಲೆ ಉಲ್ಟಾ ಕಾಣುವ 1.